ಶ್ರದ್ಧೆಯೂ ವಿಚಾರಣೆಯೂ

ಒಬ್ಬ ವೈದ್ಯರ ಕೈಗೆ ದೇಹವನ್ನು ಒಪ್ಪಿಸಿದ ಮೇಲೆ ಮತ್ತೊಬ್ಬ ವೈದ್ಯರ ಬಾಗಿಲಿಗೆ ಹೋಗಿ ಕೇಳುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಸಣ್ಣದಾಗಿ ತೋರುವುದು. ನೆಗಡಿ, ಜ್ವರ, ಮೈಕೈನೋವುಗಳ ಮಟ್ಟಿಗೆ ಅದು ಸಣ್ಣದೇ ಸರಿ. ಆದರೆ ಶಾಸ್ತ್ರದಲ್ಲಿ ಅರ್ಬುದವೆಂದೂ ಜನರ ಮಾತಿನಲ್ಲಿ ಕ್ಯಾನ್ಸರ್ ಎಂದೂ ಕರೆಯಿಸಿಕೊಳ್ಳುವ ವ್ಯಾಧಿಯು ಮನೆಯ ಹಿರಿಯರಲ್ಲಿ ಕಾಣಿಸಿಕೊಂಡಾಗ, ಒಬ್ಬ ತಜ್ಞರು ಒಂದನ್ನೂ ಇನ್ನೊಬ್ಬರು ಬೇರೊಂದನ್ನೂ ಹೇಳಬಹುದಾದ ಸಂದರ್ಭದಲ್ಲಿ, ಇದೇ ಪ್ರಶ್ನೆಯು ಇಡೀ ಸಂಸಾರದ ನಿದ್ರೆಯನ್ನು ಕೆಡಿಸುತ್ತದೆ. ಸಂತೇಬೆನ್ನೂರಿನ ಸುತ್ತುಮುತ್ತಲಿನ ಹಳ್ಳಿಗಳಿಂದ ಬರುವ ಭಕ್ತರು ಇದನ್ನು ಪದೇ ಪದೇ ಕೇಳುತ್ತಿರುವುದರಿಂದ, ಈ ವಿಷಯವನ್ನು ವಾಚಕರ ಮುಂದಿಟ್ಟು ವಿಚಾರಮಾಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಕೇಳಬಾರದು ಎನ್ನುವವರ ಪಕ್ಷವನ್ನು ಮೊದಲು ಹೇಳುವುದು ನ್ಯಾಯ. ಅವರ ವಾದಗಳು ನಾಲ್ಕು. ಒಂದನೆಯದು, ವೈದ್ಯನಲ್ಲಿ ಶ್ರದ್ಧೆ ಇರಬೇಕು. ಶ್ರದ್ಧೆಯಿಲ್ಲದವನಿಗೆ ಔಷಧವೂ ಹತ್ತುವುದಿಲ್ಲ. ಎರಡನೆಯದು, ಕಷ್ಟಕಾಲದಲ್ಲಿ ಕೈಹಿಡಿದವರ ಮೇಲೆ ಇನ್ನೊಬ್ಬರನ್ನು ಕೇಳುವುದು ಕೃತಘ್ನತೆ. ಮೂರನೆಯದು, ಇಬ್ಬರನ್ನು ಕೇಳಿದರೆ ಎರಡು ಮಾತು, ಮೂವರನ್ನು ಕೇಳಿದರೆ ಮೂರು ಮಾತು. ಕೊನೆಗೆ ಉಳಿಯುವುದು ಗೊಂದಲವೊಂದೇ. ನಾಲ್ಕನೆಯದು, ಹಣವೂ ಕಾಲವೂ ವ್ಯರ್ಥವಾಗಿ, ಅಷ್ಟರಲ್ಲಿ ರೋಗವು ಬೆಳೆಯುವುದು. ಈ ನಾಲ್ಕರಲ್ಲಿ ಯಾವುದೂ ತಳ್ಳಿಹಾಕುವಂಥದಲ್ಲ, ಒಂದೊಂದರಲ್ಲಿಯೂ ಸತ್ಯಾಂಶವಿದೆ. ಆದರೂ ಇವುಗಳಿಂದ ಬರುವ ನಿರ್ಣಯವು ಸರಿಯಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಒಂದು ವ್ಯಾಧಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪುರುಷರಲ್ಲಿ ಮಾತ್ರ ಇರುವ ಪ್ರಾಸ್ಟೇಟ್ ಎಂಬ ಗ್ರಂಥಿಯು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡು ಕುಳಿತಿದೆ. ವಯಸ್ಸಾದಂತೆ ಇದು ಹಿಗ್ಗಿ ಮೂತ್ರದ ದಾರಿಯನ್ನು ಒತ್ತುವುದು ಸಾಮಾನ್ಯ. ಸುಶ್ರುತನು ಮೂತ್ರಾಘಾತಗಳನ್ನು ಎಣಿಸುವಾಗ ಹೇಳಿರುವ ವಾತಾಷ್ಠೀಲೆಯನ್ನು ಈ ಹಿಗ್ಗುವಿಕೆಯೊಂದಿಗೆ ಹೋಲಿಸುವ ವಿದ್ವಾಂಸರಿದ್ದಾರೆ. ಹಿಗ್ಗಿದ್ದೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಕೂಡ ಹುಟ್ಟಬಹುದು. ಮೊದಲಿಗೆ ಅದು ಯಾವ ನೋವನ್ನೂ ಕೊಡದೆ ಇರಬಹುದು.

ಇದನ್ನು ಗುರುತಿಸಲು ಪಿಎಸ್‌ಎ ಎಂಬ ರಕ್ತಪರೀಕ್ಷೆಯುಂಟು. ಪ್ರತಿ ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬುದನ್ನು ಬಹುಕಾಲದಿಂದ ಎಲ್ಲೆಯಾಗಿ ಹೇಳುತ್ತ ಬಂದಿದ್ದಾರೆ. ಆದರೆ ಅದು ಗಂಡಭೇರುಂಡದ ಗೆರೆಯಲ್ಲ. ಗ್ರಂಥಿಯು ಬರಿದೆ ಹಿಗ್ಗಿದರೂ, ಸೋಂಕು ತಗುಲಿದರೂ ಅಂಕೆಯು ಏರುವುದು. ಎಲ್ಲೆಯ ಕೆಳಗಿದ್ದವರಲ್ಲಿಯೂ ಒಮ್ಮೊಮ್ಮೆ ರೋಗವಿರುವುದು. ಸಂದೇಹ ಬಂದಲ್ಲಿ ಎಂಆರ್‌ಐ ಚಿತ್ರವನ್ನು ತೆಗೆಯುತ್ತಾರೆ. ಸೂಜಿಯಿಂದ ಗ್ರಂಥಿಯ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಚೂರುಗಳಲ್ಲಿ ಕಾಣುವ ಜೀವಕೋಶಗಳ ಆಕೃತಿಯನ್ನು ಅಳೆಯುವ ಕ್ರಮವನ್ನು ಅಮೆರಿಕೆಯ ಡೊನಾಲ್ಡ್ ಗ್ಲೀಸನ್ ಎಂಬ ವೈದ್ಯರು 1966ರಲ್ಲಿ ರೂಪಿಸಿದರು. ಈಗಿನ ಬಳಕೆಯಲ್ಲಿ ಗ್ಲೀಸನ್ ಅಂಕವು 6ರಿಂದ 10ರ ವರೆಗೆ ಇರುತ್ತದೆ. 6 ಎಂದರೆ ಸೌಮ್ಯ, 10 ಎಂದರೆ ಅತ್ಯುಗ್ರ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಂಕವನ್ನು ಕೊಡುವುದು ಯಂತ್ರವಲ್ಲ, ಮನುಷ್ಯನ ಕಣ್ಣು. ಒಂದೇ ಗಾಜಿನ ಪಟ್ಟಿಯನ್ನು ಇಬ್ಬರು ನುರಿತವರು ನೋಡಿದಾಗ ಒಬ್ಬರಿಗೆ 6 ಎಂದು ಕಂಡದ್ದು ಇನ್ನೊಬ್ಬರಿಗೆ 7 ಎಂದು ಕಾಣುವುದುಂಟು. ಮುಂದಿನ ಚಿಕಿತ್ಸೆಯ ದಾರಿಯು ಬಹುಮಟ್ಟಿಗೆ ಈ ಅಂಕದ ಮೇಲೆಯೇ ನಿಂತಿದೆ.

ರೋಗವು ಗ್ರಂಥಿಯ ಒಳಗೇ ಇರುವಾಗ ಮುಖ್ಯವಾಗಿ ಮೂರು ದಾರಿಗಳಿವೆ. ಶಸ್ತ್ರಕ್ರಿಯೆಯಿಂದ ಗ್ರಂಥಿಯನ್ನು ತೆಗೆದುಹಾಕುವುದು ಒಂದು. ವಿಕಿರಣದಿಂದ ಸುಡುವುದು ಇನ್ನೊಂದು. ಸೌಮ್ಯವಾದ ರೋಗವಾದರೆ ಏನನ್ನೂ ಮಾಡದೆ, ಆದರೆ ನಿಯಮಿತವಾಗಿ ಪರೀಕ್ಷೆಮಾಡುತ್ತ, ಉಲ್ಬಣಿಸಿದರೆ ಮಾತ್ರ ಕೈಹಾಕುವುದು ಮೂರನೆಯದು. ಇಂಗ್ಲೆಂಡ್ ಮೊದಲಾದ ಬ್ರಿಟನ್ನಿನ ನಾಡುಗಳಲ್ಲಿ 50ರಿಂದ 69 ವರ್ಷ ವಯಸ್ಸಿನ 1643 ಪುರುಷರನ್ನು ಈ ಮೂರು ದಾರಿಗಳಿಗೆ ಚೀಟಿಯೆತ್ತಿದಂತೆ ಹಂಚಿ, ಸುಮಾರು 15 ವರ್ಷಗಳ ಕಾಲ ನೋಡಿದ ಪರೀಕ್ಷೆಯ ಫಲವು 2023ರಲ್ಲಿ ಪ್ರಕಟವಾಯಿತು. ಯಾವ ದಾರಿಯಲ್ಲಿ ಹೋದವರಾದರೂ ಈ ರೋಗದಿಂದಲೇ ಮರಣಹೊಂದಿದವರು ನೂರಕ್ಕೆ ಸುಮಾರು ಮೂವರು. ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಕಾದುನೋಡಿದವರಲ್ಲಿ ರೋಗವು ದೂರದ ಅಂಗಗಳಿಗೆ ಹರಡಿದ್ದು ನೂರಕ್ಕೆ ಒಂಬತ್ತರಷ್ಟು. ಉಳಿದೆರಡು ಗುಂಪುಗಳಲ್ಲಿ ಐದರಷ್ಟು. ಕಾದುನೋಡಿದವರಲ್ಲಿ ನೂರಕ್ಕೆ 61 ಮಂದಿ ಆ ಅವಧಿಯಲ್ಲಿ ಶಸ್ತ್ರಕ್ರಿಯೆಯನ್ನೋ ವಿಕಿರಣವನ್ನೋ ಮಾಡಿಸಿಕೊಂಡೇ ಇದ್ದರು. ಶಸ್ತ್ರಕ್ರಿಯೆಯಾದವರಿಗೆ ಮೂತ್ರವನ್ನು ಹಿಡಿದಿಡುವ ಶಕ್ತಿ ಕುಂದುವುದೂ ದಾಂಪತ್ಯಶಕ್ತಿ ಕುಗ್ಗುವುದೂ ಹೆಚ್ಚು. ವಿಕಿರಣವಾದವರಿಗೆ ಮಲದ್ವಾರದ ತೊಂದರೆಗಳು ಹೆಚ್ಚು. ಇವೆಲ್ಲ ಗ್ರಂಥಿಯೊಳಗೇ ಇದ್ದ ರೋಗದ ಮಾತು. ಉಗ್ರವಾದ ಅಥವಾ ಎಲುಬಿಗೆ ಹರಡಿದ ರೋಗಕ್ಕೆ ಈ ಲೆಕ್ಕವನ್ನು ಹಚ್ಚಬಾರದು. ಅಲ್ಲಿ ಪುರುಷರಸವನ್ನು ಅಡಗಿಸುವ ಚಿಕಿತ್ಸೆಯೇ ಮುಖ್ಯ. ಅದರ ಗುಣವನ್ನು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಷ್ಟನ್ನು ಹೇಳಿದ ಉದ್ದೇಶವೇನೆಂದರೆ, ಇಲ್ಲಿ ಒಂದೇ ಸರಿಯುತ್ತರವೆಂಬುದು ಅನೇಕ ವೇಳೆ ಇಲ್ಲ. ಆಯುಸ್ಸಿನ ದೃಷ್ಟಿಯಿಂದ ಹೆಚ್ಚುಕಡಿಮೆ ಸಮವಾದ ದಾರಿಗಳಲ್ಲಿ ಯಾವ ಕಷ್ಟವನ್ನು ಯಾರು ಹೊರಬಲ್ಲರು ಎಂಬುದೇ ಪ್ರಶ್ನೆಯಾಗಿ ನಿಲ್ಲುತ್ತದೆ.

ನಮ್ಮ ಸೀಮೆಯ ಒಬ್ಬ ಗೃಹಸ್ಥರ ಸಂಗತಿಯನ್ನು ಇಲ್ಲಿ ಹೇಳಬಹುದು, ಹೆಸರು ಅನಾವಶ್ಯಕ. ಅರುವತ್ತೇಳರ ವಯಸ್ಸು, ಅಡಕೆಯ ತೋಟ, ಇಬ್ಬರು ಗಂಡುಮಕ್ಕಳು. ರಾತ್ರಿ ಮತ್ತೆ ಮತ್ತೆ ಏಳಬೇಕಾಗಿ ಬಂದುದರಿಂದ ಪರೀಕ್ಷೆ ಮಾಡಿಸಿದರು, ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ತಿಳಿಯಿತು, ಅಂಕ 6. ನೋಡಿದ ಶಸ್ತ್ರವೈದ್ಯರು ಸಜ್ಜನರು, ಕೈಗುಣದಲ್ಲಿ ಹೆಸರಾದವರು. ಹದಿನೈದು ದಿನಗಳಲ್ಲಿ ಗ್ರಂಥಿಯನ್ನು ತೆಗೆಯುವುದು ಒಳ್ಳೆಯದೆಂದರು. ಹಿರಿಯ ಮಗನು ತತ್‌ಕ್ಷಣ ಒಪ್ಪಿದನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಕಿರಿಯನು ಇನ್ನೊಬ್ಬರನ್ನು ಕೇಳೋಣವೆಂದನು. "ದೇವರಂಥ ಡಾಕ್ಟರು. ಅವರ ಮೇಲೆ ಇನ್ನೊಬ್ಬರ ಹತ್ತಿರ ಹೋದರೆ ಏನಂದುಕೊಂಡಾರು?" ಎಂದು ಹಿರಿಯನು ಸಿಟ್ಟಾದನು. ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಿಗೆ ಒಮ್ಮತವಿತ್ತು: ತಂದೆಗೆ ರೋಗದ ಹೆಸರನ್ನು ಹೇಳಕೂಡದು. ಮೂತ್ರದ ದಾರಿಯಲ್ಲಿ ಒಂದು ಗಂಟು ಎಂದಷ್ಟೇ ಅವರಿಗೆ ತಿಳಿಸಿದ್ದರು.

ಈ ಸಂಗತಿಯನ್ನು ಇಲ್ಲಿಗೆ ನಿಲ್ಲಿಸಿ, ಶಾಸ್ತ್ರವು ಸಂಶಯವನ್ನು ಹೇಗೆ ಕಾಣುತ್ತದೆಂಬುದನ್ನು ನೋಡೋಣ.

ಗೌತಮಮುನಿಯು ನ್ಯಾಯಸೂತ್ರಗಳಲ್ಲಿ ಹೇಳಿದ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು. ಅದು ದೋಷವೆಂದಲ್ಲ, ವಿಚಾರದ ಮೊದಲ ಮೆಟ್ಟಿಲೆಂದು ಅಲ್ಲಿ ಸ್ಥಾನ ಪಡೆದಿದೆ. ಒಂದೇ ವಿಷಯದಲ್ಲಿ ಬಲ್ಲವರ ನಡುವೆ ಮತಭೇದವಿರುವುದನ್ನು, ಎಂದರೆ ವಿಪ್ರತಿಪತ್ತಿಯನ್ನು, ಸಂಶಯದ ಕಾರಣಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಪಕ್ಷವನ್ನೂ ಪ್ರತಿಪಕ್ಷವನ್ನೂ ತೂಗಿನೋಡಿದ ಬಳಿಕ ದೊರೆಯುವುದು ನಿರ್ಣಯ. ಹೀಗಿರಲು, ಸಂಶಯವನ್ನು ಅದುಮಿಟ್ಟು ಕೈಗೊಂಡ ತೀರ್ಮಾನವು ನಿರ್ಣಯವೆನಿಸದು; ಅದು ಕೇವಲ ಅವಸರ. ಮೂರನೆಯ ಆಕ್ಷೇಪಕ್ಕೆ ಉತ್ತರವು ಇಲ್ಲಿಯೇ ಇದೆ. ಇಬ್ಬರು ತಜ್ಞರು ಎರಡು ಮಾತು ಹೇಳಿದರೆ ಗೊಂದಲವು ಅವರಿಂದ ಹುಟ್ಟಿದ್ದಲ್ಲ. ವಿಷಯದಲ್ಲಿಯೇ ಎರಡು ದಾರಿಗಳಿದ್ದುವು, ನಮಗೆ ಒಂದು ಮಾತ್ರ ಕಂಡಿತ್ತು. ಕಾಣದಿದ್ದ ಕವಲು ಕಾಣಿಸಿದುದಕ್ಕೆ ತೋರಿಸಿದವರನ್ನು ದೂರುವುದು ಯುಕ್ತವಲ್ಲ.

ಇನ್ನು ಶ್ರದ್ಧೆಯ ಮಾತು. ಪ್ರಮಾಣಗಳಲ್ಲಿ ಶಬ್ದವೂ ಒಂದೆಂದೂ, ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದೂ ನೈಯಾಯಿಕರು ಹೇಳುತ್ತಾರೆ. ಆಪ್ತನೆಂದರೆ ಯಾರು? ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣದಲ್ಲಿ ಎರಡು ಅಂಗಗಳಿವೆ, ಅರಿವು ಮತ್ತು ಪ್ರಾಮಾಣಿಕತೆ. ಶಸ್ತ್ರವೈದ್ಯರ ಪ್ರಾಮಾಣಿಕತೆಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಅವರು ಸಾಕ್ಷಾತ್ತಾಗಿ ಅರಿತಿರುವುದು ಶಸ್ತ್ರವನ್ನು. ವಿಕಿರಣವೈದ್ಯರು ಅರಿತಿರುವುದು ವಿಕಿರಣವನ್ನು. ಆಪ್ತತ್ವಕ್ಕೂ ಒಂದು ಕ್ಷೇತ್ರವುಂಟು. 2000ನೆಯ ಇಸವಿಯಲ್ಲಿ ಅಮೆರಿಕೆಯ ವೈದ್ಯರನ್ನು ಕುರಿತು ಪ್ರಕಟವಾದ ಒಂದು ವಿಚಾರಣೆಯಲ್ಲಿ, ಗ್ರಂಥಿಯೊಳಗೇ ಇರುವ ಈ ರೋಗಕ್ಕೆ ಮೂತ್ರಾಂಗ ಶಸ್ತ್ರವೈದ್ಯರಲ್ಲಿ ನೂರಕ್ಕೆ 93 ಮಂದಿ ಶಸ್ತ್ರಕ್ರಿಯೆಯನ್ನೇ ಮೇಲೆಂದರು. ವಿಕಿರಣವೈದ್ಯರಲ್ಲಿ ನೂರಕ್ಕೆ 72 ಮಂದಿ ವಿಕಿರಣವು ಅದಕ್ಕೆ ಸಮವೆಂದರು. ಇವರಲ್ಲಿ ಯಾರನ್ನೂ ಸ್ವಾರ್ಥಿಗಳೆಂದು ಹೇಳಬೇಕಾಗಿಲ್ಲ. ತಾನು ಬಲ್ಲ ವಿದ್ಯೆಯ ಗುಣವು ಮನುಷ್ಯನಿಗೆ ಹತ್ತಿರದಿಂದ ಕಾಣುತ್ತದೆ, ಅಷ್ಟೇ.

ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಂಡವರಿಗೆ ಇದು ಸುಲಭವಾಗಿ ಮನದಟ್ಟಾಗುವುದು. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದ ಆ ಹೊಂಡದ ನಡುವೆ ವಸಂತಮಂಟಪವು ನೀರಿನಲ್ಲಿ ನಿಂತಿದೆ. ಒಂದು ದಿಕ್ಕಿನ ಸೋಪಾನದ ಮೇಲೆ ಕುಳಿತವನಿಗೆ ಅದರ ಒಂದು ಮುಖವು ಕಾಣುವುದು. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿಯಾಗಿ ಬಲ್ಲೆನೆನ್ನಬೇಕಾದರೆ ಎದ್ದು ಇನ್ನೊಂದು ದಂಡೆಗೆ ನಡೆಯಬೇಕು. ಇಲ್ಲವೆ ಆ ದಂಡೆಯಲ್ಲಿ ಕುಳಿತವನನ್ನು ಕೇಳಬೇಕು.

ಆಯುರ್ವೇದದ ಆಚಾರ್ಯರಿಗೆ ಈ ವಿಷಯವು ಚೆನ್ನಾಗಿ ತಿಳಿದಿತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ತದ್ವಿದ್ಯಸಂಭಾಷೆ ಎಂಬ ಪ್ರಕರಣವಿದೆ. ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ಮಾತನಾಡುವುದೇ ಅದು. ಅದರಲ್ಲಿಯೂ ಎರಡು ಬಗೆ: ಸ್ನೇಹದಿಂದ ಕೂಡಿ ಸತ್ಯವನ್ನು ಅರಸುವ ಸಂಧಾಯಸಂಭಾಷೆ, ಗೆಲ್ಲಬೇಕೆಂಬ ಹಟದಿಂದ ಮಾಡುವ ವಿಗೃಹ್ಯಸಂಭಾಷೆ. ಜ್ಞಾನವೃದ್ಧಿಗೆ ಮೊದಲನೆಯದೇ ಯೋಗ್ಯವೆಂಬುದು ಅಲ್ಲಿಯ ಆಶಯ. ಒಂದೇ ಶಾಸ್ತ್ರವನ್ನು ಓದಿದವನಿಗೆ ಆ ಶಾಸ್ತ್ರದ ನಿಶ್ಚಯವೂ ದೊರೆಯಲಾರದು, ಚಿಕಿತ್ಸಕನು ಬಹುಶ್ರುತನಾಗಿರಬೇಕು ಎಂಬ ಅಭಿಪ್ರಾಯವನ್ನು ಸುಶ್ರುತನೂ ವ್ಯಕ್ತಪಡಿಸಿದ್ದಾನೆ. ಮೂತ್ರಾಶ್ಮರಿಯ ಶಸ್ತ್ರಕ್ರಿಯೆಯನ್ನು ಹೇಳುವಾಗಲಂತೂ, ಫಲವು ಸಂದಿಗ್ಧವಾದ ಕಾರಣ ಒಡೆಯನ ಅನುಮತಿಯನ್ನು ಪಡೆದೇ ಕೈಹಾಕಬೇಕೆಂದು ಎಚ್ಚರಿಸಿದ್ದಾನೆ. ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿ ಟ್ಯೂಮರ್ ಬೋರ್ಡ್ ಎಂಬ ಸಭೆಯುಂಟು. ಶಸ್ತ್ರವೈದ್ಯರು, ವಿಕಿರಣವೈದ್ಯರು, ಔಷಧವೈದ್ಯರು, ಜೀವಕೋಶಗಳನ್ನು ಪರೀಕ್ಷಿಸುವವರು ಒಂದೆಡೆ ಕುಳಿತು ಒಬ್ಬ ರೋಗಿಯ ಕಾಗದಗಳನ್ನು ನೋಡಿ ಚರ್ಚಿಸುತ್ತಾರೆ. ಹೆಸರು ಹೊಸದು, ಸಂಧಾಯಸಂಭಾಷೆಯ ಭಾವವು ಹಳೆಯದು.

ಶರಣರ ಮಾರ್ಗವನ್ನು ಬಲ್ಲವರಿಗೆ ಇದು ಅಪರಿಚಿತವಾದ ಮಾತಲ್ಲ. ಅನುಭವಮಂಟಪವೆಂಬುದು ಪ್ರಶ್ನೆಗೆ ಬಾಗಿಲು ಮುಚ್ಚಿದ ಸ್ಥಳವಾಗಿರಲಿಲ್ಲ. ಶೂನ್ಯಸಂಪಾದನೆಯನ್ನು ತೆರೆದು ನೋಡಿದರೆ, ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿದ್ದ ಮುಕ್ತಾಯಕ್ಕನು ಸಾಕ್ಷಾತ್ ಅಲ್ಲಮಪ್ರಭುಗಳು ಬಂದು ಹೇಳಿದ ಮಾತನ್ನೂ ಕೇಳಿದೊಡನೆ ಒಪ್ಪಲಿಲ್ಲ. ಮರುಪ್ರಶ್ನೆ ಹಾಕಿದಳು, ವಾದಿಸಿದಳು, ತಿಳಿದ ಮೇಲೆ ಒಪ್ಪಿದಳು. ಪ್ರಭುಗಳು ಅದನ್ನು ಅವಿನಯವೆಂದು ಎಣಿಸಲಿಲ್ಲ. ವೈದ್ಯಕಾಯಕವನ್ನೇ ಮಾಡುತ್ತಿದ್ದ ವೈದ್ಯ ಸಂಗಣ್ಣನೂ ವಚನಕಾರರಲ್ಲೊಬ್ಬನು. ತನ್ನ ವೃತ್ತಿಯ ಪರಿಭಾಷೆಯಿಂದಲೇ ಭವರೋಗವನ್ನು ಕುರಿತು ನುಡಿದನು. ವೈದ್ಯನದೂ ಕಾಯಕ, ಕಾಯಕವೆಂದ ಮೇಲೆ ಅದು ಪರೀಕ್ಷೆಗೆ ಅಂಜತಕ್ಕುದಲ್ಲ. ವಿಚಾರಣೆಯನ್ನು ತಾಳಲಾರದ ಶ್ರದ್ಧೆಯು ಶ್ರದ್ಧೆಯಲ್ಲ, ಸಂಕೋಚ.

ಕೃತಘ್ನತೆಯ ಆಕ್ಷೇಪಕ್ಕೂ ಇದರಿಂದಲೇ ಸಮಾಧಾನ ದೊರೆಯುವುದು. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಬಲ್ಲ ನೆರೆಯವನನ್ನೂ ಕರೆದು ತೋರಿಸುತ್ತಾನೆ, ಮಾರುವವನು ಸಿಟ್ಟಾಗುವುದಿಲ್ಲ. ಅಡಕೆಯನ್ನು ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂದು ಒಬ್ಬ ವರ್ತಕನು ಹೇಳಿದ ಮೇಲೂ ಇನ್ನೊಂದು ಮಂಡಿಗೆ ಮಾದರಿಯನ್ನು ಒಯ್ಯುವುದು ಚನ್ನಗಿರಿಯ ಬೆಳೆಗಾರರಿಗೆ ಹೊಸದಲ್ಲ. ಎತ್ತಿಗೂ ಅಡಕೆಗೂ ಸಲ್ಲುವ ಎಚ್ಚರವು ಹೆತ್ತ ತಂದೆಯ ದೇಹಕ್ಕೆ ಸಲ್ಲಬಾರದೆ? ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಪಿತ್ತನಾಳದ ತೊಂದರೆಗಾಗಿ ಬೆಂಗಳೂರಿನ ತಜ್ಞರಿಂದ ಚಿಕಿತ್ಸೆ ಪಡೆದಿದ್ದರು. 2018ರ ಡಿಸೆಂಬರಿನಲ್ಲಿ, ಅವರ 111ನೆಯ ವಯಸ್ಸಿನಲ್ಲಿ, ಚೆನ್ನೈಗೆ ಕರೆದೊಯ್ದು ಅಲ್ಲಿಯ ತಜ್ಞರಿಂದ ಶಸ್ತ್ರಕ್ರಿಯೆ ಮಾಡಿಸಲಾಯಿತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು. ಒಂದು ಊರಿನ ವೈದ್ಯರಿಂದ ಇನ್ನೊಂದು ಊರಿನ ವೈದ್ಯರ ಬಳಿಗೆ ಹೋದುದನ್ನು ಮೊದಲಿನವರ ಮೇಲಣ ಅಪನಂಬಿಕೆಯೆಂದು ಯಾರೂ ಭಾವಿಸಬೇಕಾದುದಿಲ್ಲ.

ವೈದ್ಯವೃತ್ತಿಯ ನಿಯಮವೂ ಇದನ್ನೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ನಡತೆಯ ನಿಯಮಗಳಲ್ಲಿ, ಸಂದೇಹಾಸ್ಪದವೂ ಕಠಿಣವೂ ಆದ ವ್ಯಾಧಿಗಳಲ್ಲಿ ಇತರ ವೈದ್ಯರೊಂದಿಗೆ ಸಮಾಲೋಚಿಸಬೇಕೆಂದಿದೆ. ರೋಗಿಯು ಕೇಳಿದಲ್ಲಿ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದೂ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಪಡೆಯುವುದನ್ನು ಒಂದು ಹಕ್ಕಾಗಿಯೇ ಎಣಿಸಿದ್ದಾರೆ. ನಿಯಮವಿದ್ದ ಮಾತ್ರಕ್ಕೆ ಕೇಳುವ ಬಾಯಿ ಬಂದೀತೆಂದಲ್ಲ. ಆದುದರಿಂದ ಕೇಳುವ ಬಗೆಯನ್ನೂ ಕಲಿಯಬೇಕು. ಮರೆಮಾಚಿ ಹೋಗಬೇಕಾಗಿಲ್ಲ. "ತಾವು ಹೇಳಿದ್ದು ತಿಳಿಯಿತು ಸ್ವಾಮಿ, ದೊಡ್ಡ ವಿಷಯವಾದ್ದರಿಂದ ಇನ್ನೊಬ್ಬರನ್ನೂ ಕೇಳಿ ಬರುತ್ತೇವೆ, ಕಾಗದಗಳನ್ನು ದಯಪಾಲಿಸಬೇಕು" ಎಂದು ವಿನಯದಿಂದ ಹೇಳಿದರೆ ಸಾಕು. ಸತ್ಪುರುಷನಾದ ವೈದ್ಯನು ಇದಕ್ಕೆ ಮುನಿಯುವುದಿಲ್ಲ. ಮುನಿದರೆ, ಆ ಮುನಿಸೇ ಇನ್ನೊಬ್ಬರನ್ನು ಕೇಳಲು ಸಾಕಷ್ಟು ಕಾರಣವಾಯಿತು.

ನಾಲ್ಕನೆಯ ಆಕ್ಷೇಪವು ಹಣ ಮತ್ತು ಕಾಲಗಳದು. ಬಡವನ ಪಾಲಿಗೆ ಇದು ಎಲ್ಲಕ್ಕಿಂತ ದೊಡ್ಡದು. ದಾವಣಗೆರೆಗೆ ಒಮ್ಮೆ, ಶಿವಮೊಗ್ಗೆಗೆ ಒಮ್ಮೆ, ಬೆಂಗಳೂರಿಗೆ ಒಮ್ಮೆ ಎಂದು ಹೋಗಿಬರುವುದರಲ್ಲಿಯೇ ಕೂಲಿಕಾರನ ತಿಂಗಳು ಮುಗಿಯುವುದು. ಆದರೂ ದಾರಿಗಳಿವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಿಂದ ಈ ರೋಗಿಗಳಿಗಾಗಿಯೇ ಇರುವ ಸಾರ್ವಜನಿಕ ಸಂಸ್ಥೆ. ಅಲ್ಲಿ ಮೂರೂ ಬಗೆಯ ತಜ್ಞರು ಒಂದೇ ಆವರಣದಲ್ಲಿ ದೊರೆಯುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ನೆರವುಂಟು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವು ಮುಂದೆ ನಿಂತು 2012ರಲ್ಲಿ ಕಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಒಕ್ಕೂಟದ ತಜ್ಞರಿಗೆ ಮನೆಯಿಂದಲೇ ವರದಿಗಳನ್ನು ಕಳುಹಿಸಿ ಲಿಖಿತಾಭಿಪ್ರಾಯವನ್ನು ಪಡೆಯುವ ವ್ಯವಸ್ಥೆಯೂ ಬಂದಿದೆ. ಎಲ್ಲಕ್ಕಿಂತ ಅಗ್ಗವಾದ ಎರಡನೆಯ ಅಭಿಪ್ರಾಯವೆಂದರೆ ಗಾಜಿನ ಪಟ್ಟಿಗಳ ಮರುಪರೀಕ್ಷೆ. ರೋಗಿಯು ಪ್ರಯಾಣಮಾಡಬೇಕಾಗಿಲ್ಲ, ಪಟ್ಟಿಗಳನ್ನು ಒಯ್ದರೆ ಸಾಕು. ಊರಿನಲ್ಲಿ ಓದು ಬಲ್ಲ ತರುಣರು ಇಂಥ ಕಾಗದಪತ್ರಗಳನ್ನು ಹೊಂದಿಸಿಕೊಡುವುದನ್ನು ಒಂದು ದಾಸೋಹವೆಂದೇ ತಿಳಿಯಬಹುದು.

ಕಾಲದ ವಿಷಯದಲ್ಲಿ ವಿವೇಕ ಬೇಕು. ಗ್ರಂಥಿಯೊಳಗೇ ಇರುವ ಸೌಮ್ಯರೋಗವು ನಿಧಾನವಾಗಿ ಬೆಳೆಯುವಂಥದು. ಕೆಲವು ವಾರಗಳ ವಿಚಾರಣೆಯಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಮೂತ್ರವು ಪೂರ್ತಿಯಾಗಿ ಕಟ್ಟಿಕೊಂಡರೆ, ಅಥವಾ ರೋಗವಿದ್ದವರಿಗೆ ಬೆನ್ನುನೋವಿನೊಂದಿಗೆ ಕಾಲುಗಳು ಬಲಗುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಆಗ ಎರಡನೆಯ ಅಭಿಪ್ರಾಯದ ಮಾತೇ ಬೇಡ. ಅಂದೇ ಆಸ್ಪತ್ರೆಗೆ ಓಡಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿಯ ನೀರಿನ ರುಚಿಯನ್ನು ನೋಡುವವರಿಲ್ಲ.

ವಿಚಾರಣೆಗೂ ಒಂದು ಮೇರೆಯಿರಬೇಕೆಂಬುದನ್ನು ಮರೆಯಲಾಗದು. ಎರಡನೆಯವರಾದ ಮೇಲೆ ಮೂರನೆಯವರು, ಅವರಾದ ಮೇಲೆ ಹತ್ತನೆಯವರು ಎಂದು ಅಲೆಯುವವರು ಸತ್ಯವನ್ನು ಅರಸುತ್ತಿಲ್ಲ. ತಮಗೆ ಹಿತವೆನಿಸುವ ಮಾತನ್ನು ಅರಸುತ್ತಿದ್ದಾರೆ. ಭಯಗೊಂಡ ಮನಸ್ಸು ತನಗೆ ಏನೂ ಆಗಿಲ್ಲವೆನ್ನುವವನನ್ನು ಕಂಡುಕೊಳ್ಳುವ ತನಕ ಸುಮ್ಮನಿರದು. ಅಂಥವನು ಕೊನೆಗೆ ದೊರೆತೇ ದೊರೆಯುತ್ತಾನೆ, ಕೈಯಲ್ಲಿ ಒಂದು ಪುಡಿಯ ಪೊಟ್ಟಣವನ್ನು ಹಿಡಿದುಕೊಂಡು. ಮೂರು ವಾರಗಳಲ್ಲಿ ಬೇರುಸಹಿತ ಕೀಳುವೆನೆಂದು ವಚನವೀಯುವವನಿಗೂ, ಕಾಗದಗಳನ್ನು ನೋಡಿ ಇಷ್ಟು ಬಲ್ಲೆ, ಇಷ್ಟು ಬಲ್ಲೆನೆನ್ನಲಾರೆ ಎನ್ನುವ ತಜ್ಞನಿಗೂ ಇರುವ ಅಂತರವನ್ನು ಗುರುತಿಸಬೇಕು. ಆದುದರಿಂದ ಕೇಳಹೊರಡುವ ಮೊದಲೇ ಪ್ರಶ್ನೆಗಳನ್ನು ಬರೆದುಕೊಳ್ಳುವುದು ಲೇಸು. ರೋಗವು ಎಲ್ಲಿಯ ವರೆಗೆ ಹೋಗಿದೆ? ಅಂಕವನ್ನು ಇನ್ನೊಬ್ಬರು ನೋಡಿದ್ದಾರೆಯೆ? ಏನೂ ಮಾಡದೆ ಕಾದರೆ ಏನಾದೀತು? ನೀವು ಹೇಳುವ ಚಿಕಿತ್ಸೆಯನ್ನು ಬಿಟ್ಟು ಬೇರೆ ದಾರಿಯುಂಟೆ? ಪ್ರತಿಯೊಂದರಿಂದ ಬರುವ ಕಷ್ಟವೇನು? ಈ ಐದಕ್ಕೆ ಭಿನ್ನವಿದ್ಯೆಯ ಇಬ್ಬರು ಅಥವಾ ಮೂವರು ಬಲ್ಲವರಿಂದ ಉತ್ತರ ದೊರೆತ ಬಳಿಕ, ಕೇಳುವುದನ್ನು ನಿಲ್ಲಿಸಿ ನಿರ್ಣಯಿಸಬೇಕು.

ನಿರ್ಣಯಿಸಬೇಕಾದವರು ಯಾರು? ನಮ್ಮ ಪ್ರಶ್ನೆಯ ಮರ್ಮವು ಇಲ್ಲಿದೆ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾನೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಯೂ ಒಂದು ಪಾದವೇ ಹೊರತು ಮೂರು ಪಾದಗಳ ಮೇಲೆ ಇಟ್ಟ ಹೊರೆಯಲ್ಲ. ತನ್ನ ವ್ಯಾಧಿಯನ್ನು ತಾನು ತಿಳಿಸಬಲ್ಲವನಾಗಿರುವುದು ಅವನ ಗುಣಗಳಲ್ಲೊಂದೆಂದು ಚರಕನು ಎಣಿಸುತ್ತಾನೆ. ಹೆಸರನ್ನೇ ಮರೆಮಾಚಿದ ವ್ಯಾಧಿಯನ್ನು ಕುರಿತು ಅವನು ಏನನ್ನು ತಿಳಿಸಿಯಾನು, ಏನನ್ನು ಕೇಳಿಯಾನು? ರೋಗಿಯ ನಿಜವಾದ ಸಮ್ಮತಿಯಿಲ್ಲದೆ ಚಿಕಿತ್ಸೆ ನಡೆಯಕೂಡದೆಂದೂ, ಬೇರೆ ದಾರಿಗಳನ್ನೂ ಅವುಗಳ ಅಪಾಯಗಳನ್ನೂ ಅವನಿಗೆ ತಿಳಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಹೇಳಿತು. ಮಕ್ಕಳು ಮುಚ್ಚಿಡುವುದು ಪ್ರೀತಿಯಿಂದ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂತ್ರದ ಹಿಡಿತ ತಪ್ಪುವುದು ಮೇಲೋ, ಮಲದ್ವಾರದ ನೋವು ಮೇಲೋ, ಒಳಗೆ ರೋಗವಿದೆಯೆಂಬ ಅರಿವಿನೊಡನೆ ವರ್ಷಗಟ್ಟಲೆ ಬಾಳುವುದು ಮೇಲೋ ಎಂಬುದನ್ನು ಮಗನು ತಂದೆಯ ಪರವಾಗಿ ಹೇಗೆ ತೂಗಬಲ್ಲನು? ನೂರು ತಜ್ಞರನ್ನು ಕೇಳಿದರೂ ಈ ತೂಕವನ್ನು ಅವರು ಹೇಳಲಾರರು. ಅದು ತಂದೆಯೊಬ್ಬರಿಗೇ ಗೊತ್ತು.

ಮೇಲೆ ಹೇಳಿದ ಗೃಹಸ್ಥರು ಒಂದು ಸಂಜೆ, "ಮೇಷ್ಟ್ರೇ, ಮಕ್ಕಳು ನನ್ನ ಮುಂದೆ ಬಂದರೆ ಮಾತು ನಿಲ್ಲಿಸುತ್ತಾರೆ. ಸಾವಿಗಿಂತ ಅದೇ ಭಯವಾಗುತ್ತದೆ" ಎಂದರು. ಮರುದಿನವೇ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ತಂದೆಗೆ ತಿಳಿಸುವಂತೆ ಒಪ್ಪಿಸಿದ್ದಾಯಿತು. ತಿಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೇನಾ? ನಾನು ಇನ್ನೂ ಏನೋ ಅಂದುಕೊಂಡಿದ್ದೆ" ಎಂದರಂತೆ. ಪಟ್ಟಿಗಳನ್ನು ಬೇರೊಂದು ಕಡೆ ತೋರಿಸಲಾಯಿತು. ಅಲ್ಲಿ ಅಂಕವು 6 ಅಲ್ಲ, 7 ಎಂದು ಬಂದಿತು. ಕಿರಿಯ ಮಗನ ಮನಸ್ಸಿನಲ್ಲಿದ್ದ ಕಾದುನೋಡುವ ದಾರಿಯು ಅದರಿಂದ ಬಲಗುಂದಿತು; ಚಿಕಿತ್ಸೆ ಬೇಕೆಂದಿದ್ದ ಮೊದಲಿನ ವೈದ್ಯರ ಮಾತಿಗೇ ಅಷ್ಟರಮಟ್ಟಿಗೆ ಬಲ ಬಂದಿತು. ಆದರೆ ವಿಕಿರಣದಿಂದಲೂ ಆಗಬಹುದೆಂದು ಎರಡನೆಯವರು ಹೇಳಿದರು. ದಿನಕ್ಕೆರಡು ಬಾರಿ ಪೂಜೆಗೆ ಕೂರುವ, ನಾಲ್ಕು ಜನರ ನಡುವೆ ಪಂಚಾಯಿತಿಗೆ ಕೂರುವ ತಮಗೆ ಮೂತ್ರದ ಹಿಡಿತ ತಪ್ಪುವುದೇ ಸಹಿಸಲಾಗದ ಕಷ್ಟವೆಂದು ತಂದೆ ಹೇಳಿದರು, ವಿಕಿರಣವನ್ನು ಆರಿಸಿಕೊಂಡರು. ಮೊದಲಿನ ಶಸ್ತ್ರವೈದ್ಯರಿಗೆ ಪತ್ರವನ್ನು ತೋರಿಸಿದಾಗ ಅವರು ಓದಿ, ಇದೂ ಸರಿಯಾದ ದಾರಿಯೇ ಎಂದರು. ಹಿರಿಯ ಮಗನು ಅಂಜಿದ್ದಂಥದೇನೂ ನಡೆಯಲಿಲ್ಲ.

ಚಿಕಿತ್ಸೆಯ ಫಲವನ್ನು ಕಾಲವೇ ಹೇಳಬೇಕು. ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತೆಂಬುದು ಯಾರಿಗೂ ತಿಳಿಯುವಂಥದಲ್ಲ. ಎರಡನೆಯ ಅಭಿಪ್ರಾಯದಿಂದ ಆಯುಸ್ಸು ಬೆಳೆಯುವುದೆಂದು ನಾನು ಪ್ರತಿಜ್ಞೆ ಮಾಡುತ್ತಿಲ್ಲ. ಚರಕನು ಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ರೋಗಗಳನ್ನು ವಿಂಗಡಿಸಿದಾಗ, ಎಲ್ಲವೂ ವೈದ್ಯನ ಕೈಯಲ್ಲಿಲ್ಲವೆಂಬುದನ್ನು ಒಪ್ಪಿಯೇ ಹೇಳಿದನು. ಕೇಳುವುದರಿಂದ ಖಂಡಿತವಾಗಿ ದೊರೆಯುವುದು ಬೇರೆ. ದೇಹವು ಯಾರದೋ ಅವರು ಅರಿತು ಆರಿಸಿಕೊಂಡದ್ದರಿಂದ, ಮುಂದೆ ಬರುವ ಕಷ್ಟವು ಅವರಿಗೆ ಹೊರಗಿನಿಂದ ಹೇರಿದ ಶಿಕ್ಷೆಯಂತೆ ಕಾಣುವುದಿಲ್ಲ. ಮನೆಯವರಿಗೂ, ಕೇಳಬಹುದಾಗಿತ್ತು, ಸಂಕೋಚಪಟ್ಟು ಕೇಳಲಿಲ್ಲ ಎಂಬ ಕೊರಗು ಉಳಿಯುವುದಿಲ್ಲ. ಆ ಗೃಹಸ್ಥರು ಈಗ ತಮ್ಮ ಕಾಗದಗಳ ಚೀಲವನ್ನು ತಾವೇ ಹಿಡಿದುಕೊಂಡು ಪರೀಕ್ಷೆಗೆ ಹೋಗಿಬರುತ್ತಾರೆ. ಮೂರು ತಿಂಗಳಿಗೊಮ್ಮೆ ಬರುವ ಅಂಕೆಯನ್ನು ಮೊದಲು ಓದುವವರು ಅವರೇ.